ಲೆಟರ್‌ಪ್ಯಾಡಿನ ಕೆಳಗಿನ ಸಾಲು

ತನ್ನ ಹೆಸರು ಅಚ್ಚಾದ ಹಾಳೆ ಕೈಗೆ ಬಂದಾಗ ಮನುಷ್ಯ ಮೊದಲು ನೋಡುವುದು ತನ್ನ ಹೆಸರನ್ನು. ಎರಡನೆಯ ಸಲ ನೋಡುವುದೂ ಹೆಸರನ್ನೇ. ಮೂರನೆಯ ಸಲ ಕನ್ನಡಕ ಒರೆಸಿಕೊಂಡು ನೋಡುವುದೂ ಅದನ್ನೇ. ನಂಬಿಕೆ ಬಾರದಿದ್ದರೆ, ಮನೆಗೆ ಬಂದ ಮದುವೆಯ ಕಾರ್ಡನ್ನು ನೀವು ಹೇಗೆ ಓದುತ್ತೀರೆಂದು ಒಮ್ಮೆ ನೆನಪಿಸಿಕೊಳ್ಳಿ. ವಧು, ವರ, ಮುಹೂರ್ತ ಎಲ್ಲವನ್ನೂ ದಾಟಿ ಕಣ್ಣು ಸುಖಾಗಮನ ಬಯಸುವವರ ದಟ್ಟಣೆಯೊಳಗೆ ನುಗ್ಗಿ ನಮ್ಮ ಹೆಸರನ್ನು ಹುಡುಕುತ್ತದೆ. ಅದು ಸಿಕ್ಕ ಮೇಲಷ್ಟೇ ಮೇಲಕ್ಕೆ ಬಂದು ಮದುವೆ ಯಾರದೆಂದು ವಿಚಾರಿಸುತ್ತದೆ. ಹೀಗಿರುವಾಗ, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ, ಪರರ ಬರಹದ ತಪ್ಪುಗಳನ್ನು ಕೆಂಪು ಶಾಯಿಯಿಂದ ಬೇಟೆಯಾಡಿ ನಿವೃತ್ತನಾದ ನಾನು, ನನ್ನದೇ ಲೆಟರ್‌ಪ್ಯಾಡಿನ ಮೇಲ್ಭಾಗವನ್ನು ಮೂರು ಸಲ ಓದಿ ಕೆಳಭಾಗವನ್ನು ಒಂದು ಸಲವೂ ಓದದೆ ಮನೆಗೆ ತಂದೆನೆಂದರೆ ಅದನ್ನು ಮನುಷ್ಯಸ್ವಭಾವವೆಂದು ಕ್ಷಮಿಸಿಬಿಡಿ. ಅದರಿಂದಾಗಿ ನಾನು ಕೆಲವು ತಿಂಗಳು ಸತ್ತಿದ್ದೆ ಎಂಬುದು ಬೇರೆ ಮಾತು.

ಪ್ಯಾಡಿನ ಆಸೆ ಹುಟ್ಟಿದ್ದು ನನ್ನ ಹೆಂಡತಿ ಗಿರಿಜೆಯ ಗೊಣಗಾಟದಿಂದ. ನಾನು ಚೀಟಿ ಬರೆಯುವ ಚಾಳಿಯವನು. ಬಾಯಿಂದ ಹೇಳಿದರೆ ಮುಗಿಯುವ ಮಾತನ್ನೂ ಬರೆದು ಇಟ್ಟುಹೋಗುವುದು ನನ್ನ ಅಭ್ಯಾಸ. ಕ್ಯಾಲೆಂಡರಿನ ಹರಿದ ಹಾಳೆ, ಮಾತ್ರೆಯ ಡಬ್ಬಿಯ ಒಳಮೈ, ಕರೆಂಟ್ ಬಿಲ್ಲಿನ ಬೆನ್ನು, ಯಾವುದಾದರೂ ನಡೆಯುತ್ತಿತ್ತು. “ನಿಮ್ಮ ಚೀಟಿ ಓದಬೇಕಂದ್ರ ಮೊದಲ ಕರೆಂಟ್ ಬಿಲ್ ಓದಬೇಕಾಗೈತಿ. ರಿಟೈರ್ ಆಗೀರಿ, ಹೆಸರಿಂದು ಒಂದು ಛಲೋ ಪ್ಯಾಡ್ ಮಾಡಿಸ್ಕೋರಿ” ಎಂದಳು. ಅವಳು ಹೇಳಿದ್ದು ಕಾಟ ತಾಳಲಾರದೆ. ನನಗೆ ಕೇಳಿಸಿದ್ದು ಮಾತ್ರ ಸನ್ಮಾನದ ಮಾತಿನಂತೆ.

ಕೊಪ್ಪಳದ ಪೇಟೆಯ ಓಣಿಯೊಂದರಲ್ಲಿ ಮಲ್ಲಣ್ಣನ ಪ್ರೆಸ್ಸು ಇದೆ. ಮದುವೆ, ಗೃಹಪ್ರವೇಶ, ತೀರಿಕೊಂಡವರ ಶಿವಗಣಾರಾಧನೆ, ಹೀಗೆ ಮನುಷ್ಯರು ಬರುವ ಹೋಗುವ ಎಲ್ಲ ಸಂಗತಿಗಳೂ ಅಲ್ಲಿ ಒಂದೇ ಯಂತ್ರದಿಂದ ಹೊರಬೀಳುತ್ತವೆ. ಮಲ್ಲಣ್ಣ ಕನ್ನಡಕವನ್ನು ಹಣೆಗೇರಿಸಿಕೊಂಡು ಕಂಪ್ಯೂಟರ್ ತೆರೆದು, “ನಿಮ್ಮಂಥಾ ಹಿರಿಯರಿಗಂತನ ಒಂದು ಡಿಸೈನ್ ರೆಡಿ ಐತ್ರಿ ಸರ್. ಹೆಸರಷ್ಟ ಬದಲು ಮಾಡಿದ್ರ ಮುಗೀತು” ಎಂದ. ಕೆನೆಬಣ್ಣದ ಹಾಳೆ, ಸುತ್ತಲೂ ನೀಲಿ ಬಳ್ಳಿಯ ಅಂಚು, ಮೇಲೆ ನನ್ನ ಹೆಸರು, ಅದರ ಕೆಳಗೆ ‘ನಿವೃತ್ತ ಶಿಕ್ಷಕರು’. ನನ್ನ ಫೋನ್ ನಂಬರನ್ನೂ ಚೀಟಿಯಲ್ಲಿ ಬರೆದು ಕೊಟ್ಟು ಬಂದೆ. ಹೆಸರಷ್ಟು ಬದಲು ಮಾಡಿದರೆ ಮುಗಿಯಿತು ಎಂಬ ಆ ಮಾತು ಆ ದಿನ ನನ್ನನ್ನು ಬೆಚ್ಚಿಬೀಳಿಸಬೇಕಿತ್ತು, ಆದರೆ ಬೀಳಿಸಲಿಲ್ಲ.

ಸ್ವಂತ ಹೆಸರಿನ ಹಾಳೆಯನ್ನು ದಿನನಿತ್ಯದಲ್ಲಿ ಹೇಗೆಲ್ಲ ಬಳಸಬಹುದೆಂಬುದರ ಬಗ್ಗೆ ಆಮೇಲೆ ನಾನೊಂದು ಪ್ರಬಂಧವನ್ನೇ ಮಂಡಿಸಬಲ್ಲವನಾದೆ. ಹಾಲು ಹಾಕುವಾಕೆಗೆ ‘ನಾಳೆ ಅರ್ಧ ಲೀಟರ್ ಸಾಕು’ ಎಂದು ಬರೆದು ಪಾತ್ರೆಯ ಕೆಳಗಿಟ್ಟೆ; ಆಕೆ ಅದನ್ನು ಸರಕಾರಿ ನೋಟೀಸೆಂದು ತಿಳಿದು ಎರಡು ದಿನ ನಮ್ಮ ಓಣಿಯತ್ತ ಸುಳಿಯಲಿಲ್ಲ. ಓದಲು ಕೊಟ್ಟ ಪುಸ್ತಕದೊಳಗೆ ಒಂದು ಹಾಳೆ, ಪಕ್ಕದ ಮನೆಯವರು ಹೋಳಿಗೆ ಕಳಿಸಿದ ಡಬ್ಬಿಯನ್ನು ಮರಳಿಸುವಾಗ ಅದರೊಳಗೊಂದು ಹಾಳೆ, ಹುಟ್ಟುಹಬ್ಬಕ್ಕೊಂದು, ಹುಷಾರಿಲ್ಲದವರ ದಿಂಬಿನ ಬಳಿಗೊಂದು. ವಾಟ್ಸಾಪಿನಲ್ಲಿ ಕಳಿಸಿದ ಮಾತನ್ನು ಜನ ಬೆರಳಿನಿಂದ ಮೇಲಕ್ಕೆ ತಳ್ಳಿಬಿಡುತ್ತಾರೆ. ಕೈಯಲ್ಲಿ ಬರೆದ ಹಾಳೆಯನ್ನು ಎಲ್ಲಿಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಲ್ಲುತ್ತಾರೆ. ಆ ಸ್ವಲ್ಪ ಹೊತ್ತಿಗಾಗಿಯೇ ನಾನು ಬರೆಯುತ್ತಿದ್ದೆ.

ಬರಬರುತ್ತ ನನಗೆ ಇನ್ನೊಂದು ಹುಚ್ಚು ಹಿಡಿಯಿತು. ಬದುಕಿಡೀ ತಪ್ಪಿನ ಕೆಳಗೇ ಗೆರೆ ಎಳೆದ ಕೈ ಇದು. ಉಳಿದ ದಿನಗಳಲ್ಲಾದರೂ ಸರಿಯಿದ್ದುದರ ಕೆಳಗೆ ಎಳೆಯಬೇಕೆಂದು, ಯಾರಿಂದಲೂ ಪತ್ರ ನಿರೀಕ್ಷಿಸದ ಜನರಿಗೆ ಅಂಚೆಯಲ್ಲಿ ಪತ್ರ ಕಳಿಸತೊಡಗಿದೆ. ಅಂಗಿಯ ಜೇಬಿನೊಳಗೆ ಕೇಳದೆಯೇ ಪೆನ್ನಿಗೊಂದು ಪುಟ್ಟ ಮನೆ ಹೊಲಿದುಕೊಟ್ಟಿದ್ದ ಗಂಗಾವತಿಯ ದರ್ಜಿ ಹುಸೇನಸಾಬನಿಗೆ ಬರೆದೆ. ಓಡಿಬರುವ ಮುದುಕಿಯನ್ನು ಕಂಡು ಬಸ್ಸು ನಿಲ್ಲಿಸಿದ ಕಂಡಕ್ಟರನಿಗೆ ಬರೆದೆ. ಕುಷ್ಟಗಿ ಹತ್ತಿರದ ಹಳ್ಳಿಯಲ್ಲಿ ಈಗ ಹೆಡ್‌ಮಾಸ್ತರನಾಗಿರುವ ಹಳೆಯ ಶಿಷ್ಯ ಶರಣಪ್ಪನಿಗೆ ಬರೆದೆ. ಮೊಮ್ಮಕ್ಕಳನ್ನು ಸಾಣಾಪುರದ ಕೆರೆಗೆ ಕರೆದೊಯ್ದಾಗ ತೆಪ್ಪದಲ್ಲಿ ಸುತ್ತಿಸಿದ ಯಮನೂರಪ್ಪನಿಗೂ ಬರೆದೆ. ಪತ್ರಕ್ಕೆ ತಾರೀಖು ಹಾಕುವುದು ಕಚೇರಿಯ ಲಕ್ಷಣವೆಂಬ ಪಾಂಡಿತ್ಯ ನನ್ನದಾದ್ದರಿಂದ ಯಾವುದರಲ್ಲೂ ತಾರೀಖು ಇರಲಿಲ್ಲ. ಇಪ್ಪತ್ತರಷ್ಟು ಪತ್ರಗಳು ಹೋದವು. ಒಬ್ಬರೂ ಫೋನ್ ಮಾಡಲಿಲ್ಲ.

ಉತ್ತರ ಬಾರದ ಪತ್ರಗಳ ಮೌನ ಎಂಥದೆಂದು ಬರೆದವರಿಗೇ ಗೊತ್ತು. ಜನರಿಗೆ ಸಂಸ್ಕಾರವಿಲ್ಲವೆಂದು ಮೊದಲ ತಿಂಗಳು ಬೈದೆ. ಎರಡನೆಯ ತಿಂಗಳು, ನನ್ನ ಬರವಣಿಗೆಯಲ್ಲೇ ಏನೋ ಕೊರತೆಯಿದೆಯೆಂದು ಕುಗ್ಗಿದೆ. ಕಡೆಗೆ ಹೊಸ ಅಂಗಿಯ ಬಟ್ಟೆಯ ನೆಪ ಮಾಡಿಕೊಂಡು ಗಂಗಾವತಿಗೆ ಹೋದೆ.

ಹುಸೇನಸಾಬನ ಅಂಗಡಿ ತಲುಪಿದಾಗ ನಡುಮಧ್ಯಾಹ್ನ. ಬಿಸಿಲು ನೆತ್ತಿಯ ಮೇಲಿತ್ತು, ನೆರಳೆಲ್ಲ ಕಾಲಡಿ ಅಡಗಿತ್ತು, ಬೀದಿಯಲ್ಲಿ ಸದ್ದೆಂದರೆ ಅವನ ಮಷೀನಿನದೊಂದೇ. ಬಾಗಿಲಲ್ಲಿ ನಿಂತ ನನ್ನನ್ನು ಅವನು ನೋಡಿದ, ಮಷೀನು ನಿಂತಿತು. ಎದ್ದುಬಂದವನು ನಮಸ್ಕಾರ ಹೇಳಲಿಲ್ಲ, ನನ್ನ ಕಾಲ ಸುತ್ತಲಿನ ನೆಲವನ್ನೇ ಬಗ್ಗಿ ಬಗ್ಗಿ ನೋಡಿದ.

“ಸರ್, ಕೈ ಒಂಚೂರು ಮುಂದ ಚಾಚ್ರಿ” ಎಂದ.

ಚಾಚಿದೆ. ಟೇಪನ್ನು ನನ್ನ ಮಣಿಕಟ್ಟಿಗೆ ಸುತ್ತಿ, ಅಳತೆ ನೋಡುವ ನೆಪದಲ್ಲಿ ಎರಡು ಬೆರಳನ್ನು ನಾಡಿಯ ಮೇಲಿಟ್ಟ. ಅವನ ಬೆರಳು ತಣ್ಣಗಿದ್ದವು.

“ಮೂರು ತಿಂಗಳ ಹಿಂದ ಬಂದು ಅಳತಿ ಕೊಟ್ಟು ಹೋದಾವರು ನೀವ ಏನ್ರಿ?”

“ನಾನ ಅಲ್ಲೇನೋ ಹುಸೇನಸಾಬ. ಪತ್ರ ಬಂತಿಲ್ಲ ನಂದು?”

“ಬಂತ್ರಿ” ಎಂದವನು ನನ್ನ ಹೊಸ ಬಟ್ಟೆಯ ಗಂಟನ್ನು ಮುಟ್ಟದೆಯೇ ಹಿಂದಕ್ಕೆ ಸರಿದ. “ಈಗ ಹೊಲಿಯಾಕ ಆಗಂಗಿಲ್ರಿ ಸರ್. ನೀವು ಹೋಗ್ರಿ. ಸುಖವಾಗಿ ಹೋಗ್ರಿ. ಮತ್ತ ಬರೂ ತ್ರಾಸ ತಗೋಬ್ಯಾಡ್ರಿ.”

ವಯಸ್ಸಾದವನ ಬಸ್ ಪ್ರಯಾಣದ ಬಗ್ಗೆ ಅವನಿಗೆಷ್ಟು ಕಾಳಜಿ ಎಂದುಕೊಂಡೇ ನಾನು ಅಂಗಡಿಯಿಳಿದೆ. ತಿರುಗಿ ನೋಡಿದರೆ ಹಾಡಹಗಲೇ ಅವನು ಅಂಗಡಿಯ ಕದ ಮುಚ್ಚುತ್ತಿದ್ದ. ಬಸ್ಸಿನಲ್ಲಿ ಕೂತ ಮೇಲೆ ಯಾಕೋ ನನ್ನ ನಾಡಿಯನ್ನು ನಾನೂ ಒಮ್ಮೆ ಹಿಡಿದು ನೋಡಿಕೊಂಡೆ.

ಮರುವಾರ ಕುಷ್ಟಗಿಗೆ ಹೋಗಿ, ಅಲ್ಲಿಂದ ಶರಣಪ್ಪನ ಹಳ್ಳಿಗೆ ಟಂಟಂ ಆಟೋ ಹಿಡಿದೆ. ಶಾಲೆಯಲ್ಲಿ ಊಟದ ವೇಳೆ. ಮಕ್ಕಳು ಸಾಲಾಗಿ ಕೂತು ಉಣ್ಣುತ್ತಿದ್ದವು. ಆಫೀಸಿನ ಬಾಗಿಲಲ್ಲಿ ಊದಿನಕಡ್ಡಿಯ ವಾಸನೆ. ಒಳಗೆ ಮೇಜಿನ ಮೇಲೆ ಒಂದು ಫೋಟೋ, ಅದಕ್ಕೆ ಚೆಂಡುಹೂವಿನ ಹಾರ, ಅದರ ಮುಂದೆ ಚೌಕಟ್ಟು ಹಾಕಿದ ಒಂದು ಪತ್ರ. ಫೋಟೋದಲ್ಲಿರುವವನನ್ನು ಎಲ್ಲೋ ನೋಡಿದ್ದೇನೆ ಎನ್ನಿಸಿತು. ಯಾವುದೋ ಹಳೆಯ ಗ್ರೂಪ್ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ ಮುಖ, ತಲೆತುಂಬ ಕೂದಲು. ಪತ್ರದ ಸುತ್ತ ನೀಲಿ ಬಳ್ಳಿಯ ಅಂಚನ್ನು ಕಂಡ ಮೇಲಷ್ಟೇ ಅವನು ಯಾರೆಂದು ಗೊತ್ತಾಯಿತು. ಕೂದಲಿದ್ದಾಗ ನಾನು ಅಷ್ಟೇನೂ ಕೆಟ್ಟದಾಗಿರಲಿಲ್ಲ ಎಂಬುದೇ ನನಗೆ ಆಗ ಹೊಳೆದ ಮೊದಲ ಆಲೋಚನೆ.

ಒಳಗೆ ಬಂದ ಶರಣಪ್ಪನ ಕೈಯಿಂದ ಹಾಜರಿ ಪುಸ್ತಕ ಬಿತ್ತು. ನೀರು ಕುಡಿದು, ನನ್ನ ಭುಜ ಹಿಚುಕಿ, ಮತ್ತೊಮ್ಮೆ ನೀರು ಕುಡಿದು, ಕೊನೆಗೆ ಅಪರಾಧಿಯ ದನಿಯಲ್ಲಿ, “ಸರ್, ನಾವು ಎರಡು ನಿಮಿಷ ಮೌನಾನೂ ಮಾಡೇವ್ರಿ” ಎಂದ.

ನಡೆದದ್ದಿಷ್ಟು. ಪತ್ರ ತಲುಪಿದ ಖುಷಿಯಲ್ಲಿ ಅವನು ಹಾಳೆಯ ಬುಡದಲ್ಲಿದ್ದ ನಂಬರಿಗೆ ಫೋನ್ ಮಾಡಿ “ಸರ್ ಅದಾರೇನ್ರಿ?” ಎಂದು ಕೇಳಿದ್ದಾನೆ. ಆ ಕಡೆಯಿಂದ ಒಂದು ಹೆಣ್ಣು ದನಿ, “ಇಲ್ರಿ, ಅವರು ತೀರಿಕೊಂಡು ವರ್ಷಾತ್ರಿ” ಎಂದಿದೆ. ನಮ್ಮ ಕಡೆ ಮಾಸ್ತರರ ಹೆಸರನ್ನು ಬಾಯಿಂದ ಯಾರೂ ಆಡುವುದಿಲ್ಲ. ಸರ್ ಎಂದರೆ ಸರ್, ಅಷ್ಟೇ. ಕೇಳಿದವನೂ ಹೆಸರು ಹೇಳಲಿಲ್ಲ, ಹೇಳಿದವಳೂ ಕೇಳಲಿಲ್ಲ. ಉಳಿದವರೂ ಇದನ್ನೇ ಮಾಡಿರಬೇಕು. ಒಂದು ವರ್ಷದ ಹಿಂದೆ ಸತ್ತವನು ಮೂರು ತಿಂಗಳ ಹಿಂದೆ ಬಂದು ಅಳತೆ ಕೊಟ್ಟಿದ್ದಾನೆಂದು ತಿಳಿದು, ನನ್ನ ಕಾಲಡಿ ನೆರಳು ಹುಡುಕಿದ ಹುಸೇನಸಾಬನ ಸ್ಥಿತಿ ನನಗೆ ಈಗ ಅರ್ಥವಾಯಿತು. ಶರಣಪ್ಪ ತನ್ನ ಬ್ಯಾಚಿನ ವಾಟ್ಸಾಪ್ ಗುಂಪನ್ನೂ ತೋರಿಸಿದ. ಉದ್ದಕ್ಕೂ ‘ಓಂ ಶಾಂತಿ’, ಮುಗಿದ ಕೈಗಳು. ತರಗತಿಯಲ್ಲಿ ಒಂದು ದಿನವೂ ಬಾಯಿಬಿಡದ ಹುಡುಗನೊಬ್ಬ ನನ್ನ ಬಗ್ಗೆ ಹನ್ನೆರಡು ಸಾಲು ಬರೆದಿದ್ದ. ಅದರಲ್ಲಿ ನಾಲ್ಕು ತಪ್ಪುಗಳಿದ್ದವು. ತಿದ್ದುವುದು ಬೇಡವೆಂದು ಬದುಕಿನಲ್ಲಿ ಮೊದಲ ಸಲ ಅನ್ನಿಸಿತು.

ಹಾಳೆಯ ಬುಡದ ಆ ಪುಟ್ಟ ಸಾಲನ್ನು ನಾನು ಓದಿದ್ದು ಆ ಮಧ್ಯಾಹ್ನ, ನನ್ನ ಫೋಟೋಕ್ಕೆ ಹಾಕಿದ್ದ ಹಾರದ ಪಕ್ಕದಲ್ಲಿ ನಿಂತು. ನಂಬರು ನನ್ನದಲ್ಲ. ಶರಣಪ್ಪ ಬೇಡವೆಂದರೂ ನನ್ನ ಫೋನಿನಿಂದ ಅದಕ್ಕೆ ಕರೆಮಾಡಿದೆ. ಎರಡನೆಯ ರಿಂಗಿಗೇ ಎತ್ತಿದರು. ನಾನಿನ್ನೂ ಹಲೋ ಎಂದಿರಲಿಲ್ಲ.

“ಸರ್ ಇಲ್ರಿ” ಎಂದಿತು ದನಿ. “ನಿಮಗೂ ಪತ್ರ ಬಂತೇನ್ರಿ? ಓದ್ರಿ, ಸಾವಕಾಶ ಓದ್ರಿ. ನಾ ಬರಕೋತೀನಿ.”

ನಾನು ಫೋನ್ ಇಟ್ಟುಬಿಟ್ಟೆ. ನನ್ನ ಸಾವಿನ ಸುದ್ದಿಯನ್ನು ನನಗೇ ಅಷ್ಟು ಮೆತ್ತಗೆ ಹೇಳಿದ ಆ ದನಿ ಊರಿಗೆ ಮರಳುವ ದಾರಿಯುದ್ದಕ್ಕೂ ಕಿವಿಯಲ್ಲಿತ್ತು.

ಮಲ್ಲಣ್ಣ ಹಣೆ ಬಡಿದುಕೊಂಡ. ನನಗಿಂತ ಮೊದಲು ಅದೇ ಬಳ್ಳಿಯ ಅಂಚಿನ ಪ್ಯಾಡ್ ಮಾಡಿಸಿದ್ದವರು ಯಲಬುರ್ಗಾದ ಒಬ್ಬ ನಿವೃತ್ತ ಪ್ರೈಮರಿ ಮಾಸ್ತರರಂತೆ. ಪ್ಯಾಡ್ ಒಯ್ದು ಒಂದು ತಿಂಗಳಿಗೆ ತೀರಿಕೊಂಡರಂತೆ. “ಅವರ ಆರಾಧನಿ ಕಾರ್ಡೂ ನಾನ ಹೊಡದೇನ್ರಿ. ಆ ಫೈಲ್ ಮ್ಯಾಲ ನಿಮ್ಮ ಹೆಸರು ಕುಂದ್ರಿಸಿದೆ, ಕೆಳಗಿನ ನಂಬರ ಹಂಗ ಉಳದೈತಿ. ಬ್ಯಾರೆ ಪ್ಯಾಡ್ ಹಾಕಿ ಕೊಡ್ತೀನ್ರಿ ಸರ್” ಎಂದು ಕೈಮುಗಿದ. ಆ ಆರಾಧನೆಯ ಕಾರ್ಡಿನಿಂದಲೇ ಮಾಸ್ತರರ ಮನೆಯ ವಿಳಾಸವನ್ನೂ ಬರೆದುಕೊಟ್ಟ.

ಇಂಥದನ್ನು ಫೋನಿನಲ್ಲಿ ಹೇಳುವುದು ಮರ್ಯಾದೆಯಲ್ಲವೆಂದು ನಾನೇ ಯಲಬುರ್ಗಾದ ಬಸ್ಸು ಹತ್ತಿದೆ. ನಿಜ ಹೇಳಬೇಕೆಂದರೆ ಮರ್ಯಾದೆಯ ಜೊತೆ ಮತ್ಸರವೂ ಇತ್ತು. ನಾನು ಕೂತು, ಯೋಚಿಸಿ, ಎರಡೆರಡು ಸಲ ಹೊಡೆದುಹಾಕಿ ಬರೆದ ಮಾತುಗಳು ಯಾರದೋ ಖಾತೆಗೆ ಸಂದಾಯವಾಗುತ್ತಿದ್ದವು. ನನ್ನ ಪತ್ರ ನನಗೆ ಮರಳಬೇಕು, ನನ್ನ ಜೀವವೂ ನನಗೆ ಮರಳಬೇಕು. ಹೇಳಬೇಕಾದ ವಾಕ್ಯವನ್ನು ಕಿಟಕಿಯಾಚೆಯ ಎರೆಹೊಲಗಳನ್ನು ನೋಡುತ್ತ ಮನಸ್ಸಿನಲ್ಲೇ ತಿದ್ದಿಕೊಂಡೆ. ಬಿತ್ತನೆಗೆ ಇನ್ನೂ ಹೊತ್ತಿತ್ತು. ಬಿರುಕುಬಿಟ್ಟ ಕಪ್ಪು ನೆಲದಲ್ಲಿ ಕಣ್ಣು ಹರಿಯುವವರೆಗೂ ಒಬ್ಬ ಮನುಷ್ಯನಿರಲಿಲ್ಲ.

ಓಣಿಯ ಕೊನೆಯ ಮನೆ. ಮಧ್ಯಾಹ್ನದ ಮೂರು ಗಂಟೆ, ನಾಯಿಯೂ ಹೊರಗಿರಲಿಲ್ಲ. ಬಾಗಿಲು ತೆರೆದಿತ್ತು. ಕಟ್ಟೆಯ ಮೇಲೆ, ಹೊರಗಿನಿಂದ ಬಂದವರು ಕಾಲು ತೊಳೆಯಲೆಂದು, ತಾಮ್ರದ ಚರಿಗೆಯಲ್ಲಿ ನೀರು ತುಂಬಿಟ್ಟಿತ್ತು. ನಾನು ಬರುವ ಸುದ್ದಿಯನ್ನು ಯಾರಿಗೂ ಹೇಳಿರಲಿಲ್ಲ. ಕಾಲಿಗೆ ಸುರಿದುಕೊಂಡೆ, ಆ ಉರಿಬಿಸಿಲಿನಲ್ಲೂ ನೀರು ತಣ್ಣಗಿತ್ತು. ಒಳಗಿನಿಂದ ಅರವತ್ತು ದಾಟಿದ ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತ ಬಂದರು. ಆರಾಧನೆಯ ಕಾರ್ಡಿನಲ್ಲಿ ಹೆಸರಿದ್ದ, ಮಾಸ್ತರರ ಹೆಂಡತಿ ನೀಲಮ್ಮ ಇವರೇ.

“ಕೊಪ್ಪಳದಿಂದ ಬಂದೇನ್ರಿ ಅಕ್ಕಾರ. ಆ ಪತ್ರದ್ದು ಒಂದು ವಿಷಯ...”

“ನಿಮಗೂ ಬಂತೇನ್ರಿ!” ಅವರ ಮುಖ ಬೆಳಗಿಬಿಟ್ಟಿತು. “ಬರ್ರಿ ಅಣ್ಣಾರ, ಒಳಗ ಬರ್ರಿ. ಇಷ್ಟ ದಿನಾ ಬರೇ ಫೋನ್ ಬರ್ತಿದ್ವು, ಮನಿಗೆ ಬಂದವರು ನೀವ ಮೊದಲು.”

ಬಸ್ಸಿನಲ್ಲಿ ತಿದ್ದಿತೀಡಿದ್ದ ವಾಕ್ಯ ಹೊಸ್ತಿಲಾಚೆಯೇ ಉಳಿಯಿತು. ಅವರು ತೋರಿಸಿದ ಕೈಕುರ್ಚಿಯಲ್ಲಿ ಕೂತೆ. ವರ್ಷಗಟ್ಟಲೆ ಒಬ್ಬರೇ ಕೂತು ಕುಗ್ಗಿದ ಅದರ ತಗ್ಗು ನನ್ನ ಮೈಗೆ ಸರಿಯಾಗಿ ಹೊಂದಿಕೊಂಡಿತು, ಎದ್ದುಬಿಡಬೇಕೆನ್ನಿಸಿದರೂ ಏಳಲಿಲ್ಲ. ಎದುರಿನ ಗೋಡೆಯಲ್ಲಿ ಮಾಸ್ತರರ ಫೋಟೋ, ಬಿಗಿದ ತುಟಿಯ ಮುಖ. ಅದರ ಕೆಳಗೆ ಸ್ಟೂಲಿನ ಮೇಲೆ, ದೀಪ ಇಡುವಷ್ಟು ಜಾಗದಲ್ಲಿ, ಚಾರ್ಜಿಗೆ ಹಾಕಿದ ಅವರ ಫೋನು.

ನೀಲಮ್ಮ ಕಪಾಟಿನಿಂದ ಒಂದು ಪ್ಯಾಡ್ ತಂದು ನನ್ನ ಕೈಗಿಟ್ಟರು. ಅದೇ ಕೆನೆಬಣ್ಣ, ಅದೇ ನೀಲಿ ಬಳ್ಳಿ, ಬುಡದಲ್ಲಿ ಅದೇ ಸಾಲು. ಮೇಲಿನ ಹೆಸರೊಂದೇ ಬೇರೆ. ಆ ಹೆಸರಿನ ಕೆಳಗೆ, ಗುಂಡಗಿನ ಹೆಣ್ಣು ಅಕ್ಷರದಲ್ಲಿ, ಪುಟದ ನಂತರ ಪುಟ ನನ್ನ ಪತ್ರಗಳು. ಜೇಬಿನೊಳಗಿನ ಪೆನ್ನಿನ ಮನೆ, ಬಸ್ಸಿನ ಹಿಂದೆ ಓಡಿಬಂದ ಮುದುಕಿ, ಶರಣಪ್ಪ ಹುಡುಗನಾಗಿದ್ದಾಗ ಬರೆದ ಒಂದು ಒಳ್ಳೆಯ ಪ್ರಬಂಧ. ನನ್ನ ಮಾತುಗಳೆಲ್ಲ ಅಲ್ಲಿದ್ದವು, ನಾನೊಬ್ಬನೇ ಇರಲಿಲ್ಲ.

“ನಮ್ಮ ಮನಿಯವರು ಭಾಳ ಮಾತಿನವರಲ್ರಿ ಅಣ್ಣಾರ” ಎಂದರು ಅವರು ನೆಲದ ಮೇಲೆ ಕೂತು. “ನಲವತ್ತು ವರ್ಷದಾಗ ಒಬ್ಬರಿಗೂ ಛಲೋ ಆಗೈತಿ ಅಂದವರಲ್ಲ. ಸಾಲಿ ಮಕ್ಕಳು ಅವರನ್ನ ಕಂಡ್ರ ಓಣಿ ಬದಲು ಮಾಡ್ತಿದ್ವು. ಈ ಪ್ಯಾಡ್ ಮಾಡಿಸಿ ತಂದ್ರು, ಒಂದು ಹಾಳಿ ಹರೀಲಿಲ್ಲ, ಹಂಗ ಹೋಗಿಬಿಟ್ರು ಅಂತ ನಾ ತಿಳಕೊಂಡಿದ್ದೆ. ಎರಡು ಮಾಡಿಸಿದ್ರಂತ ಕಾಣತೈತಿ. ಬರದು ಯಾರ ಕೈಯಾಗೋ ಕೊಟ್ಟಿರಬೇಕು, ಅವರು ಈಗ ಒಂದೊಂದ ಅಂಚಿಗೆ ಹಾಕಾಕ ಹತ್ಯಾರ. ದರ್ಜಿಯವ ಹೋದ ತಿಂಗಳ ಹೊಲದೇನಿ ಅಂತಾನ, ಪಾಪ, ಅವಗ ನೆನಪಿಲ್ಲ. ನೋಡ್ರಿ, ಇವರ ಒಳಗ ಇಷ್ಟೆಲ್ಲಾ ಇತ್ತಂತ ನನಗ ಹ್ಯಾಂಗ ಗೊತ್ತಾಗಬೇಕು? ಪತ್ರದಾಗ ಬುಕ್ಕಿನ ಮಾತು ಆಡ್ಯಾರ, ಮನ್ಯಾಗ ಹಂಗ ಆಡ್ತಿದ್ದಿಲ್ಲ. ಆದ್ರ ಏನಾತು, ಆಡ್ಯಾರಲ್ಲ.”

ಫೋಟೋದ ಕಡೆ ನೋಡದೆ ಕೇಳಿದರು: “ದರ್ಜಿಗೆ ಬರದವರು, ಕಂಡಕ್ಟರಗ ಬರದವರು, ನನಗ ಬಿಟ್ಟಿರಂಗಿಲ್ಲ ಅಲ್ರಿ? ನಂದೂ ಒಂದು ಎಲ್ಲೋ ಇರಬೇಕು. ದಿನಾ ಅಂಚಿಯವನ ದಾರಿ ನೋಡ್ತೀನಿ.”

ನನ್ನ ಚೀಲದಲ್ಲಿ ನನ್ನ ಪ್ಯಾಡು ಇತ್ತು. ಅದನ್ನು ಹೊರಗೆಳೆದು ಇವರ ಪ್ಯಾಡಿನ ಪಕ್ಕದಲ್ಲಿಟ್ಟರೆ ನಾನು ಬದುಕಿಕೊಳ್ಳುತ್ತಿದ್ದೆ; ಆದರೆ ನಲವತ್ತು ವರ್ಷದ ನಂತರ ಈ ಹೆಂಗಸಿಗೆ ಸಿಕ್ಕಿದ್ದ ಗಂಡ ಎರಡನೆಯ ಸಲ ಸಾಯುತ್ತಿದ್ದ. ಸುಮ್ಮನೆ ಎದ್ದುಹೋದರೆ, ಬಾರದ ಪತ್ರಕ್ಕಾಗಿ ಈಕೆ ಕೊನೆಯ ದಿನದವರೆಗೂ ಬಾಗಿಲಲ್ಲಿ ನಿಲ್ಲುತ್ತಿದ್ದರು. ನನಗೆ ನಿಜವಾಗಿ ಹೆದರಿಕೆಯಾಯಿತು. ಹೊಗಳಿಕೆಯ ನಾಲ್ಕು ಸಾಲು ಯಾರ ಮನೆಯೊಳಗೆ ಹೋಗಿ ಏನು ಮಾಡಬಲ್ಲದೆಂಬುದನ್ನು ನಾನೆಂದೂ ಯೋಚಿಸಿರಲಿಲ್ಲ. ಅವರು ಚಹಾ ಇಡಲೆಂದು ಒಳಗೆ ಹೋದಾಗ ನಿರ್ಧಾರ ಮಾಡಿದೆ: ಸುಳ್ಳಿಗಾಗಿ ಕಾಯುವುದಕ್ಕಿಂತ ಸತ್ಯಕ್ಕೆ ಅಳುವುದು ವಾಸಿ, ಹೇಳಿಬಿಡಬೇಕು. ಚೀಲದೊಳಗೆ ಕೈಹಾಕಿದೆ.

ಸ್ಟೂಲಿನ ಮೇಲಿನ ಫೋನು ರಿಂಗಾಯಿತು.

“ನನ್ನ ಕೈ ಒದ್ದಿ ಅದಾವ ಅಣ್ಣಾರ, ನೀವ ಎತ್ರಿ” ಎಂದರು ಒಳಗಿನಿಂದ.

ಎತ್ತಿದೆ. “ಸರ್ ಅದಾರೇನ್ರಿ?” ಸಾಣಾಪುರದ ತೆಪ್ಪದ ಯಮನೂರಪ್ಪ. ತಿಂಗಳುಗಳ ಹಿಂದೆ ಕೆರೆಯ ಮೇಲೆ ಕೇಳಿದ ದನಿ, ಗುರುತು ಹತ್ತಿತು. ಇದ್ದೇನಪ್ಪಾ, ನಾನೇ ಮಾತಾಡುತ್ತಿದ್ದೇನೆ ಎಂದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ನೀಲಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದು, ಪ್ಯಾಡನ್ನು ತೊಡೆಯ ಮೇಲಿಟ್ಟು, ಪೆನ್ನಿನ ಟೋಪಿ ತೆಗೆದು, ಪರೀಕ್ಷೆಗೆ ಕೂತ ಹುಡುಗಿಯಂತೆ ನನ್ನ ಬಾಯನ್ನೇ ನೋಡತೊಡಗಿದರು.

“ಇಲ್ರಿ” ಎಂದೆ. “ಸರ್ ತೀರಿಕೊಂಡು ವರ್ಷಾತು.”

ಹೇಳುವುದು ಅಷ್ಟು ಸುಲಭವೆಂದು ನನಗೆ ಗೊತ್ತಿರಲಿಲ್ಲ. “ನನ್ನ ತೆಪ್ಪದಾಗ ಕುಂತಿದ್ರಲ್ರಿ...” ಎಂದ ಯಮನೂರಪ್ಪ.

“ಪತ್ರ ಓದಪ್ಪಾ. ಅವರ ಮನಿಯವರು ಬರಕೋತಾರ” ಎಂದೆ.

ಯಮನೂರಪ್ಪ ಅಕ್ಷರ ಅಕ್ಷರ ಕೂಡಿಸಿ ಓದುವವನು, ಫೋನ್ ಮಾಡಲು ಇಷ್ಟು ದಿನ ಹಿಡಿದದ್ದೂ ಅದಕ್ಕೇ. ಅವನೊಂದು ಮಾತು ಓದಿದರೆ ನಾನದನ್ನು ಜೋರಾಗಿ ಹೇಳುತ್ತಿದ್ದೆ, ನೀಲಮ್ಮ ಬರೆದುಕೊಳ್ಳುತ್ತಿದ್ದರು. ‘ಕೆರೆಯ ನಡುವೆ ತೆಪ್ಪ ನಿಲ್ಲಿಸಿ, ಈಗ ಯಾರೂ ಮಾತಾಡಬೇಡಿ ಎಂದಿರಿ. ಮಕ್ಕಳು ಅಷ್ಟು ಹೊತ್ತು ಸುಮ್ಮನೆ ಕೂತದ್ದು ಅದೇ ಮೊದಲು. ತೆಪ್ಪ ತಾನಾಗಿಯೇ ಮೆಲ್ಲಗೆ ತಿರುಗುತ್ತಿತ್ತು. ನೀರು ನಮ್ಮನ್ನು ಹೊತ್ತುಕೊಂಡಿದೆ ಎಂಬುದು ನನಗೆ ಆಗ ತಿಳಿಯಿತು.’ ನನ್ನ ವಾಕ್ಯಗಳು ತೆಪ್ಪದವನ ಬಾಯಿಂದ ತಡವರಿಸುತ್ತ ಬಂದು, ನನ್ನ ಬಾಯಿಂದ ಹಾಯ್ದು, ಇನ್ನೊಬ್ಬನ ಹೆಸರಿನ ಕೆಳಗೆ ಹೋಗಿ ಮಲಗುತ್ತಿದ್ದವು. ‘ನಿಮಗೆ ಒಳ್ಳೆಯದಾಗಲಿ’ ಎಂಬಲ್ಲಿಗೆ ಪತ್ರ ಮುಗಿಯಿತು. ಲೈನು ಕಟ್ಟಾಯಿತು. ಅದು ಕಟ್ಟಾದದ್ದು ನನಗೆ ಗೊತ್ತಿತ್ತು. ಕಿವಿಗೆ ಹಿಡಿದಿದ್ದ ಫೋನಿನಲ್ಲಿ ಏನೂ ಇರಲಿಲ್ಲ. ಆದರೂ ನನ್ನ ಬಾಯಿ ನಿಲ್ಲಲಿಲ್ಲ.

“ಮನಿಗೆ ಬಂದಾಗೊಮ್ಮೆ ಕಟ್ಟಿ ಮ್ಯಾಲ ಚರಗಿ ತುಂಬಿ ಇಟ್ಟಿರತಿದ್ದಿ. ಚಳಿಗಾಲದಾಗ ಆ ನೀರ ಬೆಚ್ಚಗ ಇರತಿತ್ತು. ನನಗ ಗೊತ್ತಾಗತಿತ್ತು. ಹೇಳಲಿಲ್ಲ.”

ನಾನು ಪತ್ರದಲ್ಲಿ ಎಂದೂ ಆಡುಮಾತು ಬರೆದವನಲ್ಲ. ದನಿಯೂ ನನ್ನದಕ್ಕಿಂತ ಒಣಗಿತ್ತು, ಮಾತಾಡಿ ರೂಢಿಯಿಲ್ಲದವರ ದನಿ.

ನೀಲಮ್ಮನ ಪೆನ್ನು ನಿಂತಿತ್ತು. ಒಳಗೆ ಚಹಾ ಉಕ್ಕಿ ಒಲೆಯ ಮೇಲೆ ಸುರಿಯುವ ಸದ್ದಾಯಿತು, ಇಬ್ಬರೂ ಏಳಲಿಲ್ಲ.

“ಇದು ತೆಪ್ಪದವಗ ಬರದದ್ದಲ್ರಿ” ಎಂದರು ನೀಲಮ್ಮ. “ಚಳಿಗಾಲದಾಗ ನಾ ಒಂದೀಟು ಬಿಸಿನೀರ ಬೆರಸಿ ಇಡ್ತಿದ್ದೆ. ನಲವತ್ತು ವರ್ಷ ಇಟ್ಟೀನಿ. ಒಬ್ಬರಿಗೂ ಹೇಳಿದ್ದಿಲ್ಲ. ಅವರ ಕಾಲಿಗೆ ಅದು ಗೊತ್ತಾಗೈತೋ ಇಲ್ಲೋ ಅಂತ, ಅವರು ಹೋದ ದಿನದಿಂದ ಅದೊಂದ ಚಿಂತಿ ಇತ್ತು ನೋಡ್ರಿ.”

ಹೊಸ ಹಾಳೆ ತೆರೆದು ಆ ನಾಲ್ಕು ಮಾತನ್ನೂ ಬರೆದರು. ಶಾಯಿ ಆರುವವರೆಗೆ ಊದಿದರು. ಆಮೇಲೆ ಆ ಹಾಳೆಯನ್ನು, ಆ ಪ್ಯಾಡಿನಿಂದ ಮೊಟ್ಟಮೊದಲ ಸಲ, ಹರಿದು, ನಾಲ್ಕು ಮಡಿಕೆ ಮಾಡಿ, ಸೊಂಟಕ್ಕೆ ಸಿಕ್ಕಿಸಿಕೊಂಡು, “ನಂದೂ ಬಂತ್ರಿ ಅಣ್ಣಾರ” ಎಂದರು. ನಗುತ್ತಲೇ ಇದ್ದರು, ಕಣ್ಣಿನ ನೀರು ಮಾತ್ರ ನಿಲ್ಲುತ್ತಿರಲಿಲ್ಲ. ನನ್ನ ಪ್ಯಾಡು ಚೀಲದಿಂದ ಹೊರಗೆ ಬರಲೇ ಇಲ್ಲ.

ಕಟ್ಟೆಯ ಮೇಲೆ ಚರಿಗೆ ಕಂಡಿದ್ದೆನಲ್ಲ, ಅದರಿಂದ ಊಹಿಸಿರಬೇಕು ಎಂದು ನೀವು ಹೇಳುವಿರಿ. ನಾನೂ ಬಸ್ಸಿನಲ್ಲಿ ಅದನ್ನೇ ಹೇಳಿಕೊಂಡೆ. ಚರಿಗೆಯನ್ನೇನೋ ಕಂಡಿದ್ದೆ. ಆದರೆ ಅಂದು ನನ್ನ ಕಾಲಿಗೆ ತಾಗಿದ ನೀರು ತಣ್ಣಗಿತ್ತು. ಚಳಿಗಾಲದ ನೀರು ಬೆಚ್ಚಗಿತ್ತೆಂಬುದು ಜಗತ್ತಿನಲ್ಲಿ ಗೊತ್ತಿದ್ದದ್ದು ಒಂದು ಜೊತೆ ಪಾದಗಳಿಗೆ ಮಾತ್ರ. ಇದನ್ನು ಗಿರಿಜೆಗೆ ಹೇಳಿದಾಗ ಅವಳು ಜ್ವರವಿದೆಯೇನೋ ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಸರಿಯಾದ ನಂಬರಿನ ಹೊಸ ಪ್ಯಾಡು ಸಿದ್ಧವಾಗಿದೆಯೆಂದು ಮಲ್ಲಣ್ಣ ಎರಡು ಸಲ ಹೇಳಿಕಳಿಸಿದ. ನಾನು ಹೋಗಿಲ್ಲ. ಇದ್ದ ಹಾಳೆಗಳಲ್ಲೇ ಬರೆಯುತ್ತೇನೆ. ಗಂಗಾವತಿಗೆ, ಕುಷ್ಟಗಿಗೆ, ಯಾರಿಂದಲೂ ಪತ್ರ ನಿರೀಕ್ಷಿಸದ ಯಾರಿಗೋ. ಯಮನೂರಪ್ಪನ ಲೆಕ್ಕದಲ್ಲಿ ನಾನಿನ್ನೂ ಸತ್ತೇ ಇದ್ದೇನೆ, ಇರಲಿ. ಬರವಣಿಗೆಯಲ್ಲಿ ಒಂದೇ ಒಂದು ಅಭ್ಯಾಸ ಬದಲಾಗಿದೆ. ನನ್ನ ಮಾತು ಮುಗಿದು ಸಹಿ ಹಾಕುವ ಮೊದಲು, ಬುಡದ ಆ ಸಾಲಿನ ಮೇಲೆ ಎರಡು ಗೆರೆಯಷ್ಟು ಜಾಗ ಬಿಟ್ಟು, ಪೆನ್ನನ್ನು ಹಾಳೆಯ ಮೇಲೆಯೇ ಊರಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ. ಆ ಮಾಸ್ತರರಿಗೂ ಹೇಳುವುದೇನಾದರೂ ಉಳಿದಿದ್ದರೆ ಹೇಳಲಿ ಎಂದು.